ಮಳೆಗಾಲ, ಪೆನ್‌ಡ್ರೈವ್, ವೈರಸ್ ಲೆಕ್ಕ

ಮಡಿಕೇರಿಯಲ್ಲಿ ಮಳೆ ಹಿಡಿದುಕೊಂಡರೆ ಕರೆಂಟೂ ನೆಟ್ಟೂ ಕೈಕೊಡುತ್ತವೆ. ಫೈಲುಗಳು ಜೆರಾಕ್ಸ್ ಅಂಗಡಿಗೂ ತೋಟದ ಆಫೀಸಿಗೂ ಪೆನ್‌ಡ್ರೈವ್‌ನಲ್ಲೇ ಓಡಾಡುತ್ತವೆ. ಅಪ್‌ಡೇಟ್ ನಿಲ್ಲುತ್ತದೆ, ವೈರಸ್ ನಿಲ್ಲುವುದಿಲ್ಲ. 2017ರಲ್ಲಿ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳಿದ ವನ್ನಾಕ್ರೈಗೆ ಪ್ಯಾಚ್ (ದೋಷ ಸರಿಪಡಿಸುವ ಅಪ್‌ಡೇಟ್) ಎರಡು ತಿಂಗಳು ಮೊದಲೇ ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ಸೋಂಕಿತ ಕಂಪ್ಯೂಟರ್ ಒಂದು ದಿನಕ್ಕೆ ಸರಾಸರಿ 0.4 ಕಂಪ್ಯೂಟರ್‌ಗೆ ಹರಡುತ್ತದೆ, ಸೋಂಕಿತವಾದವುಗಳಲ್ಲಿ ದಿನಕ್ಕೆ 0.1 ಪಾಲು ಸ್ವಚ್ಛವಾಗುತ್ತದೆ ಎಂದಿಟ್ಟುಕೊಳ್ಳಿ. ಹರಡುವ ದರಕ್ಕೂ ಸ್ವಚ್ಛವಾಗುವ ದರಕ್ಕೂ ಇರುವ ಅನುಪಾತ 4, 1ಕ್ಕಿಂತ ಹೆಚ್ಚಿರುವುದರಿಂದ ಸೋಂಕು ಬೆಳೆಯುತ್ತದೆ. ಅದು 1ಕ್ಕಿಂತ ಕೆಳಗಿಳಿಯಲು ಸ್ವಚ್ಛತೆಯ ದರಕ್ಕೆ ಇನ್ನೂ 0.3ಕ್ಕಿಂತ ಹೆಚ್ಚು ಸೇರಿಸಬೇಕು. ಅದಕ್ಕೆ ಜನ ಬೇಕು, ದುಡ್ಡು ಬೇಕು. ಸೋಂಕಿನ ನಷ್ಟವೂ ಈ ಖರ್ಚೂ ಸೇರಿ ಕನಿಷ್ಠವಾಗಲು ಯಾವ ದಿನ ಎಷ್ಟು ಶ್ರಮ ಹಾಕಬೇಕೆಂಬುದನ್ನು ಪಾಂಟ್ರಿಯಾಗಿನ್ ತತ್ತ್ವದಿಂದ (ಕಾಲದುದ್ದಕ್ಕೂ ಅತ್ಯುತ್ತಮ ನಿಯಂತ್ರಣ ಹುಡುಕುವ ಗಣಿತದ ನಿಯಮ) ಕಂಡುಕೊಳ್ಳಬಹುದು: ಸ್ಥಿತಿ ಸಮೀಕರಣ (ಸೋಂಕು ದಿನದಿಂದ ದಿನಕ್ಕೆ ಹೇಗೆ ಬದಲಾಗುತ್ತದೆಂಬ ಲೆಕ್ಕ) ಮೊದಲ ದಿನದಿಂದ ಮುಂದಕ್ಕೆ, ಸಹಸ್ಥಿತಿ ಸಮೀಕರಣ (ಆ ದಿನ ಸೋಂಕು ಸ್ವಲ್ಪ ಹೆಚ್ಚಾದರೆ ಅಲ್ಲಿಂದ ಕೊನೆಯವರೆಗೆ ಎಷ್ಟು ಹೆಚ್ಚು ನಷ್ಟ ಎಂಬ ಲೆಕ್ಕ) ಕೊನೆಯ ದಿನದಿಂದ ಹಿಂದಕ್ಕೆ, ಆಮೇಲೆ ನಿಯಂತ್ರಣ, ಅಂದರೆ ದಿನದಿನದ ಶ್ರಮ, ತಿದ್ದುವುದು, ಉತ್ತರ ನೆಲೆಗೊಳ್ಳುವವರೆಗೆ ಮತ್ತೆ ಅದೇ. ತಿದ್ದುವಾಗ ಹಳೆಯ, ಹೊಸ ಬೆಲೆಗಳ ಸರಾಸರಿ ಹಿಡಿಯಿರಿ, ಇಲ್ಲದಿದ್ದರೆ ಉತ್ತರ ತೂಗಾಡಬಹುದು.

ಹೆಚ್ಚಿನವರು ಗಮನಿಸದ ಸಂಗತಿ: ಕೊನೆಯ ದಿನಕ್ಕೆ ಬೇರೆ ಷರತ್ತು ಹಾಕದಿದ್ದರೆ ಆ ದಿನ ಸಹಸ್ಥಿತಿ ಸೊನ್ನೆ, ಹಾಗಾಗಿ ನಿಯಂತ್ರಣವೂ ಸೊನ್ನೆಗಿಳಿಯುತ್ತದೆ. ಉಳಿದಿರುವ ಸೋಂಕು ಮತ್ತೆ ತಲೆಯೆತ್ತುತ್ತದೆ. ಆದ್ದರಿಂದ ಲೆಕ್ಕವನ್ನು ಆಗಸ್ಟ್‌ಗೆ ಮುಗಿಸಬೇಡಿ. ಮಳೆ ನಿಂತು ಕಂಪ್ಯೂಟರ್‌ಗಳೆಲ್ಲ ನೆಟ್‌ಗೆ ಮರಳುವ ವಾರಗಳನ್ನೂ ಸೇರಿಸಿ.