ಏಣಿಯ ಬಳಿ ನಿಂತ ಮೂವರು

ಮಗಳ ಮನೆಗೆಂದು ಇಂಗ್ಲೆಂಡಿನ ಬ್ರಿಸ್ಟಲ್‌ಗೆ ಹೋಗಿದ್ದಾಗ ಒಂದು ಭಾನುವಾರ ಅವಳು ನಮ್ಮನ್ನು ವಿಲ್ಟ್‌ಶೈರಿನ ಲೇಕಾಕ್ ಎಂಬ ಹಳ್ಳಿಗೆ ಕರೆದೊಯ್ದಳು. ಕಾಗದದ ಮೇಲೆ ಫೋಟೋದ ನೆಗೆಟಿವ್ ಪಡೆದು ಅದರಿಂದ ಎಷ್ಟು ಪ್ರತಿ ಬೇಕಾದರೂ ತೆಗೆಯುವ ದಾರಿಯನ್ನು ಕಂಡುಕೊಂಡ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ಇದ್ದದ್ದು ಅಲ್ಲಿಯ ಅಬ್ಬೆ ಎಂಬ ಹಳೆಯ ಬಂಗಲೆಯಲ್ಲಿ. 1835ರ ಆಗಸ್ಟ್‌ನಲ್ಲಿ ಅವನು ಚಿತ್ರ ತೆಗೆದ ಕಿಟಕಿ ಇಂದಿಗೂ ಇದೆ. ಹೆಬ್ಬೆರಳಗಲದ ಆ ನೆಗೆಟಿವ್‌ನಲ್ಲಿ ಮಸೂರ ಹಿಡಿದರೆ ಸುಮಾರು 200 ಗಾಜುಗಳನ್ನು ಎಣಿಸಬಹುದಿತ್ತೆಂದು ಅವನೇ ಬರೆದಿಟ್ಟಿದ್ದಾನೆ. ನಾನು ನಿಜವಾದ ಕಿಟಕಿಯ ಮುಂದೆಯೇ ನಿಂತು ಎಣಿಸತೊಡಗಿ ಮೂವತ್ತರ ಆಚೆ ಲೆಕ್ಕ ತಪ್ಪಿದೆ. ಅವನು ಅಲ್ಲಲ್ಲಿ ಇಟ್ಟುಬಿಡುತ್ತಿದ್ದ ಪುಟ್ಟ ಮರದ ಕ್ಯಾಮೆರಾಗಳನ್ನು ಹೆಂಡತಿ ಕಾನ್‌ಸ್ಟನ್ಸ್ ಇಲಿಬೋನುಗಳೆಂದು ಕರೆದಿದ್ದಳಂತೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವನು 1840ರ ದಶಕದಲ್ಲಿ ತೆಗೆದ, ಹಿತ್ತಿಲಿನ ಚಿತ್ರಗಳ ಪ್ರತಿಗಳು. ಶ್ರೀಮಂತನಾಗಿದ್ದೂ ಅವನು ಕ್ಯಾಮೆರಾ ತಿರುಗಿಸಿದ್ದು ಅರೆ ತೆರೆದ ಬಾಗಿಲಿಗೆ ಒರಗಿಸಿದ ಕಡ್ಡಿಪೊರಕೆಯ ಕಡೆಗೆ, ಏಣಿ ಆನಿಸಿದ ಹುಲ್ಲಿನ ಬಣವೆಯ ಕಡೆಗೆ. ಆ ಬಣವೆಯನ್ನು ನಾನು ಬಹಳ ಹೊತ್ತು ನೋಡಿದೆ. ನಮ್ಮೂರಿನಲ್ಲಿ ಬಣವೆಯಿಂದ ಹುಲ್ಲನ್ನು ಕೈಯಿಂದ ಹಿರಿಯುತ್ತಾರೆ, ಹಾಗಾಗಿ ಅದರ ಹೊಟ್ಟೆ ಒಳಗೆ ಕುಸಿದಂತಿರುತ್ತದೆ. ಇಲ್ಲಿಯದನ್ನು ಬ್ರೆಡ್ಡಿನಂತೆ ನೆಟ್ಟಗೆ ಕೊಯ್ದಿದ್ದರು. ನಮ್ಮ ಮನೆಯ ಹಳೆಯ ಪಟಗಳಲ್ಲಿ ಮದುವೆ, ಉಪನಯನ, ಸ್ಟುಡಿಯೋದ ಪರದೆ ಎಲ್ಲವೂ ಇವೆ. ಅಜ್ಜಿ ದಿನವೂ ಹಿಡಿದ ಪೊರಕೆಯಾಗಲಿ ನಮ್ಮ ಬಣವೆಯಾಗಲಿ ಒಂದರಲ್ಲೂ ಇಲ್ಲ.

ಇನ್ನೊಂದು ಚಿತ್ರದಲ್ಲಿ ಕಟ್ಟಡಕ್ಕೆ ಏಣಿ ಆನಿಸಿದೆ. ಕೆಳಗೆ ಇಬ್ಬರು, ಮೇಲೆ ಅಟ್ಟದ ಬಾಗಿಲಲ್ಲಿ ಒಬ್ಬ. 1844ರಿಂದ 1846ರವರೆಗೆ ಕಂತುಗಳಲ್ಲಿ ಬಂದ ಟಾಲ್ಬಟ್‌ನ ಪುಸ್ತಕದಲ್ಲಿರುವ 24 ಚಿತ್ರಗಳ ಪೈಕಿ ಇದೂ ಒಂದು. ಕೆಲಸದ ನಡುವೆ ಸಿಕ್ಕಿಬಿದ್ದವರಂತೆ ಕಾಣುವ ಈ ಮೂವರು ನಿಜವಾಗಿ ಯಾವ ಕೆಲಸವನ್ನೂ ಮಾಡುತ್ತಿಲ್ಲ. ಕಾಗದಕ್ಕೆ ಬೆಳಕು ಹಿಡಿಯಲು ಸಮಯ ಬೇಕಿದ್ದುದರಿಂದ, ಜನರನ್ನು ಹೊಂದಿಸಿ ನಿಲ್ಲಿಸಿ, ಕೆಲವು ಸೆಕೆಂಡು ಅಲುಗಾಡದಿರಲು ಅಭ್ಯಾಸ ಮಾಡಿಸಬೇಕಿತ್ತು. ಇಬ್ಬರು ಮರ ಕೊಯ್ಯುವ ಇನ್ನೊಂದು ಚಿತ್ರದಲ್ಲೂ ಗರಗಸ ನಿಂತೇ ಇದೆ. ಹಾಗೆಂದು ಅವು ಸುಳ್ಳು ಚಿತ್ರಗಳೆಂದು ನನಗೆ ಅನಿಸಲಿಲ್ಲ. ಗರಗಸ ಹಿಡಿದು ಪಳಗಿದ ಕೈ ಸುಮ್ಮನೆ ಹಿಡಿದಾಗಲೂ ಅದನ್ನು ಸರಿಯಾಗಿಯೇ ಹಿಡಿಯುತ್ತದೆ.

ಹೊರಗೆ ಬಂದು, ಏಳು ವರ್ಷದ ಮೊಮ್ಮಗನನ್ನು ಒಂದು ಕಲ್ಲುಗೋಡೆಯ ಬಳಿ ನಿಲ್ಲಿಸಿ, ಹತ್ತು ಎಣಿಸುವವರೆಗೆ ಅಲುಗಾಡಬಾರದೆಂದು ಹೇಳಿದೆ. ಆರಕ್ಕೆ ಮೂಗು ತುರಿಸಿಕೊಂಡ. ಎರಡನೆಯ ಸಲ ಎಂಟರವರೆಗೆ ಬಂದ.

“ಅಜ್ಜ, ಈಗ ನೀವು ನಿಲ್ಲಿ, ನಾನು ಎಣಿಸ್ತೀನಿ” ಎಂದ.

ನಿಂತೆ. ಅವನು ಬೇಕೆಂದೇ ಬಲು ನಿಧಾನವಾಗಿ ಎಣಿಸಿದ. ನಾಲ್ಕಕ್ಕೆ ನನಗೆ ನಗು ಬಂದಿತು.