ಲಾರಿಯ ಸೋಗಿನ ಟ್ಯಾಂಕುಗಳು: ಎಲ್ ಅಲಮೇನ್ ಮಾದರಿಯ ಕೆಲಸ ಎಲ್ಲಿಗೆ ಬಂತು

1942ರ ಅಕ್ಟೋಬರ್ 23ರ ರಾತ್ರಿ ಈಜಿಪ್ಟಿನ ಎಲ್ ಅಲಮೇನ್‌ನಲ್ಲಿ ಬ್ರಿಟಿಷರ ಎಂಟನೇ ಸೇನೆ ಆರಂಭಿಸಿದ ದಾಳಿಯ ಹಿಂದೆ ‘ಆಪರೇಷನ್ ಬರ್ಟ್ರಾಮ್’ ಎಂಬ ದೊಡ್ಡ ಕಣ್ಕಟ್ಟು ನಡೆದಿತ್ತು. ಅದನ್ನು 1:72 ಅಳತೆಯಲ್ಲಿ ಕಟ್ಟುತ್ತಿರುವ ನನ್ನ ಮಾದರಿಯ ಉತ್ತರ ವಲಯದ ಹಲಗೆಗಳು ಈಗ ಬಣ್ಣದ ಹಂತಕ್ಕೆ ಬಂದಿವೆ. ಕದನವನ್ನೇ ತೋರಿಸುವ ಮಾದರಿಗಳು ಬೇಕಾದಷ್ಟಿವೆ. ನನಗೆ ಬೇಕಾಗಿದ್ದುದು ಫಿರಂಗಿಗಳು ಬಾಯಿ ತೆರೆಯುವುದಕ್ಕೆ ಮುಂಚಿನ ವಾರಗಳು.

ಉತ್ತರಕ್ಕೆ ಮೆಡಿಟರೇನಿಯನ್ ಸಮುದ್ರ, ದಕ್ಷಿಣಕ್ಕೆ ಟ್ಯಾಂಕುಗಳು ದಾಟಲಾಗದ ಕಟ್ಟಾರಾ ತಗ್ಗು, ಇವೆರಡರ ನಡುವೆ ಸುಮಾರು 60 ಕಿ.ಮೀ. ಉದ್ದದ ರಣರಂಗ, ಬಳಸಿಕೊಂಡು ಹೋಗುವ ದಾರಿಯೂ ಇಲ್ಲ, ಮರೆಗೆ ಒಂದು ಮರವೂ ಇಲ್ಲ. ಇಂಥ ಬಯಲಿನಲ್ಲಿ ದಾಳಿ ಬರಲಿದೆ ಎಂಬುದನ್ನು ಬಚ್ಚಿಡುವುದು ಆಗದ ಮಾತು. ಬಚ್ಚಿಡಬಹುದಾಗಿದ್ದುದು ಎಲ್ಲಿ ಮತ್ತು ಯಾವಾಗ ಎಂಬ ಎರಡೇ ಸಂಗತಿಗಳನ್ನು. ಎಂಟನೇ ಸೇನೆಯ ದಂಡನಾಯಕ ಮಾಂಟ್‌ಗೊಮರಿಯ ಮುಖ್ಯ ಹೊಡೆತ ಉತ್ತರದಲ್ಲಿ ಬೀಳಲಿದ್ದರೂ, ಅದು ದಕ್ಷಿಣದಲ್ಲಿ, ಅದೂ ನವೆಂಬರ್ ಆರಂಭದ ಹೊತ್ತಿಗೆ ಬರುತ್ತದೆ ಎಂದು ಎದುರಾಳಿಗಳಾದ ಜರ್ಮನ್ನರೂ ಇಟಾಲಿಯನ್ನರೂ ನಂಬಬೇಕಿತ್ತು. ಹಾಗಾಗಿ ನನ್ನ ಮಾದರಿಯನ್ನು ಪಕ್ಕದಿಂದ ನೋಡುವಂತೆ ಅಲ್ಲ, ವಿಚಕ್ಷಣಾ ವಿಮಾನದ ಕ್ಯಾಮೆರಾ ನೋಡಿದಂತೆ ನೇರ ಮೇಲಿನಿಂದ ನೋಡುವ ಹಾಗೆ ರೂಪಿಸುತ್ತಿದ್ದೇನೆ.

ಹೆಚ್ಚಿನ ಸಮಯ ಹೋಗಿರುವುದು ‘ಸನ್‌ಶೀಲ್ಡ್’ಗಳ ಮೇಲೆ. ಚೌಕಟ್ಟಿಗೆ ಕ್ಯಾನ್ವಾಸ್ ಬಿಗಿದು ಎರಡು ಹೋಳುಗಳಾಗಿ ಮಾಡಿದ ಈ ಹೊದಿಕೆಯನ್ನು ಟ್ಯಾಂಕಿನ ಮೇಲೆ ಕೂಡಿಸಿದರೆ ಅದು ಆಕಾಶದಿಂದ ಸಾಧಾರಣ ಲಾರಿಯಂತೆ ಕಾಣುತ್ತಿತ್ತು. ಈ ಕಾರ್ಯಾಚರಣೆಗಾಗಿ 722 ಸನ್‌ಶೀಲ್ಡ್‌ಗಳು ಸಿದ್ಧವಾಗಿದ್ದವು. ನನ್ನ ಅಳತೆಯಲ್ಲಿ ಷರ್ಮನ್ ಟ್ಯಾಂಕು 81 ಮಿ.ಮೀ. ಉದ್ದ ಬರುತ್ತದೆ. ತೆಳು ಹಿತ್ತಾಳೆ ತಂತಿಯನ್ನು ಬೆಸೆದು ಚೌಕಟ್ಟು ಮಾಡಿ, ನೀರು ಬೆರೆಸಿದ ಬಿಳಿ ಅಂಟಿನಲ್ಲಿ ಅದ್ದಿದ ಟಿಶ್ಯೂ ಕಾಗದವನ್ನು ಅದರ ಮೇಲೆ ಎಳೆದು ಕೂರಿಸುತ್ತಿದ್ದೇನೆ. ಕಾಗದ ಒಣಗುವಾಗ ತಂತಿಗಳ ನಡುವೆ ತಾನಾಗಿಯೇ ಸ್ವಲ್ಪ ಜಗ್ಗುತ್ತದೆ. ಆ ಜಗ್ಗು ಕ್ಯಾನ್ವಾಸಿನ ಲಕ್ಷಣವೇ ಆದ್ದರಿಂದ ಅದನ್ನು ತಿದ್ದುತ್ತಿಲ್ಲ. ಒಂದು ಹೊದಿಕೆಯನ್ನು ಮಾತ್ರ ಅರ್ಧ ತೆರೆದಿಟ್ಟು ಒಳಗಿನ ಗೋಪುರವನ್ನೂ ತೋಪಿನ ಕೊಳವೆಯನ್ನೂ ಕಾಣಿಸುತ್ತೇನೆ.

ಉತ್ತರದ ‘ಮಾರ್ಟೆಲ್ಲೊ’ ಜಮಾವಣೆ ಪ್ರದೇಶಕ್ಕೆ ಒಂದೇ ಬಗೆಯ ಎರಡು ಹಲಗೆಗಳಿವೆ. ಒಂದರಲ್ಲಿ ಲಾರಿಗಳು ಮತ್ತು ಖಾಲಿ ಸನ್‌ಶೀಲ್ಡ್‌ಗಳು, ಇನ್ನೊಂದರಲ್ಲಿ ಅದೇ ಸ್ಥಾನಗಳಲ್ಲಿ ಹೊದಿಕೆಯ ಕೆಳಗೆ ಟ್ಯಾಂಕುಗಳು. ಬರ್ಟ್ರಾಮ್‌ನ ಜಾಣತನ ಇದ್ದದ್ದು ಇಲ್ಲಿಯೇ: ವಾಹನಗಳ ಗುಂಪನ್ನು ಮೊದಲೇ ನಿಲ್ಲಿಸಿ ಎದುರಾಳಿಯ ಕಣ್ಣಿಗೆ ಅಭ್ಯಾಸ ಮಾಡಿಸಲಾಯಿತು, ದಾಳಿಗೆ ಮುಂಚಿನ ರಾತ್ರಿಗಳಲ್ಲಿ ಟ್ಯಾಂಕುಗಳು ಬಂದು ಹೊದಿಕೆಗಳ ಕೆಳಗೆ ಸೇರಿಕೊಂಡವು, ಅವು ಬಿಟ್ಟುಬಂದ ಹಿಂದಿನ ನೆಲೆಗಳಲ್ಲಿ ಬೆಳಗಾಗುವುದರೊಳಗೆ ಹುಸಿ ಟ್ಯಾಂಕುಗಳು ನಿಂತಿದ್ದವು. ನನ್ನ ಎರಡೂ ಹಲಗೆಗಳ ಚಿತ್ರಗಳನ್ನು ಪಕ್ಕಪಕ್ಕ ಇಟ್ಟಾಗ ನೋಡುವವರಿಗೆ ಏನೂ ವ್ಯತ್ಯಾಸ ಕಾಣಬಾರದು. ತಿಂಗಳುಗಟ್ಟಲೆ ದುಡಿದು ಏನೂ ಕಾಣದಂತೆ ಮಾಡುವುದು ವಿಚಿತ್ರ ಹವ್ಯಾಸವೆಂದು ಯಾರಾದರೂ ಅಂದರೆ ನನ್ನ ಬಳಿ ಉತ್ತರವಿಲ್ಲ.

ದಕ್ಷಿಣದ ಹುಸಿ ನೀರಿನ ಕೊಳವೆಮಾರ್ಗ ನನಗೆ ಇಡೀ ಯೋಜನೆಯಲ್ಲೇ ಹೆಚ್ಚು ಮೆಚ್ಚಿಗೆಯ ಭಾಗ. ಸೆಪ್ಟೆಂಬರ್ ಕೊನೆಯಲ್ಲಿ ಆರಂಭವಾದ ಈ ಮಾರ್ಗ ಸುಮಾರು 32 ಕಿ.ಮೀ. ಸಾಗಬೇಕಿತ್ತು, ಆದರೆ ಅದರಲ್ಲಿ ಹನಿ ನೀರೂ ಹರಿಯಲಿಲ್ಲ. ಖಾಲಿ ಪೆಟ್ರೋಲ್ ಡಬ್ಬಿಗಳನ್ನು ಬಡಿದು ಮಾಡಿದ ಸುಮಾರು 8 ಕಿ.ಮೀ. ‘ಕೊಳವೆ’ಯನ್ನು ಅಗೆದ ಕಾಲುವೆಯ ಪಕ್ಕದಲ್ಲಿ ಹಗಲಿಡೀ ತೋರಿಸಿ, ರಾತ್ರಿ ಕಾಲುವೆಯನ್ನು ಮುಚ್ಚಿ, ಅದೇ ಡಬ್ಬಿಗಳನ್ನು ಮುಂದಿನ ಭಾಗಕ್ಕೆ ಸಾಗಿಸುತ್ತಿದ್ದರು. ಕೆಲಸದ ವೇಗವೇ ಇಲ್ಲಿನ ಸುಳ್ಳು: ಆ ಗತಿಯಲ್ಲಿ ಮಾರ್ಗ ಮುಗಿಯುವುದು ನವೆಂಬರ್ ಆರಂಭದಲ್ಲೇ ಎಂದು ಎದುರಾಳಿಯೇ ಲೆಕ್ಕ ಹಾಕಿಕೊಳ್ಳಲಿ ಎಂಬುದು ಉದ್ದೇಶ. 8 ಕಿ.ಮೀ. ಎಂದರೆ ನನ್ನ ಅಳತೆಯಲ್ಲಿ 111 ಮೀಟರ್ ಆಗುವುದರಿಂದ, ತೆರೆದ ಕಾಲುವೆ ಮುಚ್ಚಿದ ಕಾಲುವೆಯಾಗಿ ಬದಲಾಗುವ ಒಂದು ತುಂಡನ್ನಷ್ಟೇ ಮಾಡುತ್ತಿದ್ದೇನೆ. ಮುಚ್ಚಿದ ಭಾಗದ ಮಣ್ಣು ಸುತ್ತಲಿನ ನೆಲಕ್ಕಿಂತ ತುಸು ಬೇರೆ ಬಣ್ಣದಲ್ಲಿ ಕಾಣಲೇಬೇಕು, ಏಕೆಂದರೆ ಅದು ಕಾಣಲೆಂದೇ ಇದ್ದದ್ದು.

ಇದಕ್ಕೆ ತದ್ವಿರುದ್ಧವಾದದ್ದು ಅಲಮೇನ್ ರೈಲು ನಿಲ್ದಾಣದ ಬಳಿಯ ಪೆಟ್ರೋಲ್ ದಾಸ್ತಾನು. ಅಲ್ಲಿ ಹಳೆಯ ಕಿರುಕಂದಕಗಳು ಮೊದಲೇ ಇದ್ದವು. ಅವುಗಳ ಒಳಗೋಡೆಗೆ ಒತ್ತಿ ಡಬ್ಬಿಗಳನ್ನು ಪೇರಿಸಿದಾಗ, ತಮ್ಮದೇ ವಿಮಾನಗಳಿಂದ ನೋಡಿದವರಿಗೂ ತುಂಬಿದ ಕಂದಕ ಯಾವುದು, ಖಾಲಿ ಯಾವುದು ಎಂದು ತಿಳಿಯಲಿಲ್ಲ. ಸುಮಾರು 2000 ಟನ್ ಇಂಧನ ಹೀಗೆ ನೆರಳಿನಲ್ಲಿ ಅಡಗಿತು. ಹಲಗೆಯ ಮೇಲೆ ಇದನ್ನು ಪರೀಕ್ಷಿಸಲು ಒಂದೇ ದೀಪವನ್ನು ತಗ್ಗಾಗಿ ಓರೆಯಿಟ್ಟು, ಫೋನನ್ನು ನೇರ ಮೇಲೆ ಕಟ್ಟಿ ಚಿತ್ರ ತೆಗೆದೆ. ವಿಮಾನ 6000 ಮೀಟರ್ ಎತ್ತರದಲ್ಲಿತ್ತು ಎಂದಿಟ್ಟುಕೊಂಡರೆ ನನ್ನ ಫೋನ್ 83 ಮೀಟರ್ ಮೇಲಿರಬೇಕಾಗುತ್ತದೆ. ಅದರ ಬದಲು ಚಿತ್ರದ ಸ್ಪಷ್ಟತೆಯನ್ನು ಇಳಿಸಿ ನೋಡಿದೆ. ಡಬ್ಬಿಗಳಿಗೆ ಮರಳಿನ ಬಣ್ಣ ಕೊಡುವ ಮೊದಲೇ ಅವು ಕಂದಕದ ಕಪ್ಪಿನೊಳಗೆ ಕರಗಿಹೋದವು.

ಈ ಯೋಜನೆಯನ್ನು ಜಾದೂಗಾರ ಜಾಸ್ಪರ್ ಮಾಸ್ಕಲಿನ್ ಒಬ್ಬನ ಕೈಚಳಕವೆಂದು ಹೇಳುವ ರೂಢಿಯಿದೆ. ನಾನು ಅದನ್ನು ಒಪ್ಪುವುದಿಲ್ಲ. ಮರೆಮಾಚುವ ವಿಭಾಗವನ್ನು ನಡೆಸಿದವರು ಚಲನಚಿತ್ರ ತಯಾರಕ ಜೆಫ್ರಿ ಬಾರ್ಕಸ್. ಅವರ ಜೊತೆಗಿದ್ದ ಟೋನಿ ಏರ್ಟನ್ ಚಿತ್ರಕಾರ. ಉಳಿದದ್ದು ಹೆಸರಿಲ್ಲದ ಸಾವಿರಾರು ಸೈನಿಕರ ರಾತ್ರಿಪಾಳಿಯ ದುಡಿಮೆ.

ಫಲಿತಾಂಶವನ್ನು ಒಂದು ನಕ್ಷೆಯಲ್ಲಷ್ಟೇ ತೋರಿಸುತ್ತೇನೆ. ದಾಳಿ ಆರಂಭವಾದಾಗ ಎದುರಾಳಿ ಸೇನೆಯ ದಂಡನಾಯಕ ರೊಮೆಲ್ ಕಾಯಿಲೆಯ ರಜೆಯಲ್ಲಿದ್ದರು, ಜರ್ಮನ್ನರ ಟ್ಯಾಂಕು ಪಡೆಯಾದ 21ನೇ ಪ್ಯಾಂಜರ್ ಡಿವಿಷನ್ ದಕ್ಷಿಣದಲ್ಲಿತ್ತು, ಅದು ಉತ್ತರಕ್ಕೆ ಹೊರಟದ್ದು ರೊಮೆಲ್ ಮರಳಿದ ಮೇಲೆ.

ಮುಂದಿನ ಹಂತ ದಕ್ಷಿಣದ ಮುನಾಸಿಬ್ ತಗ್ಗು. ಅಲ್ಲಿ ಹುಸಿ ಫಿರಂಗಿಗಳನ್ನು ನಿಲ್ಲಿಸಿ, ಅವು ಹುಸಿಯೆಂದು ಎದುರಾಳಿಗೆ ತಿಳಿಯುವಂತೆ ಬಿಟ್ಟು, ಆಮೇಲೆ ಅದೇ ಜಾಗಕ್ಕೆ ನಿಜವಾದ ಫಿರಂಗಿಗಳನ್ನು ತಂದಿದ್ದರು. ಎರಡೂ ಬಗೆಯ ಫಿರಂಗಿಗಳ ಬಿಡಿಭಾಗಗಳಿಗೆ ಪ್ರೈಮರ್ ಹೊಡೆದಾಗಿದೆ. ಹುಸಿಯವು ಎಷ್ಟು ಒರಟಾಗಿರಬೇಕು ಎಂಬುದನ್ನು ಮೊದಲ ಚಿತ್ರಗಳನ್ನು ತೆಗೆದ ಮೇಲೆ ತೀರ್ಮಾನಿಸುತ್ತೇನೆ.