ನರರಿಲ್ಲದ ಅಡವಿಗೂ ಮಳೆ

ಸೆಪ್ಟೆಂಬರ್ 1 ಸೃಷ್ಟಿಗಾಗಿ ಪ್ರಾರ್ಥಿಸುವ ದಿನ. 1989ರಲ್ಲಿ ಆರ್ಥಡಾಕ್ಸ್ ಕ್ರೈಸ್ತ ಸಭೆಯ ಹಿರಿಯ ಧರ್ಮಗುರು, ಕಾನ್‌ಸ್ಟಾಂಟಿನೋಪಲ್‌ನ ಪೇಟ್ರಿಯಾರ್ಕ್ ದಿಮಿತ್ರಿಯೋಸ್ ಆರಂಭಿಸಿದ ಈ ಆಚರಣೆಯನ್ನು 2015ರಲ್ಲಿ ಪೋಪ್ ಫ್ರಾನ್ಸಿಸ್ ಕಥೋಲಿಕ ಸಭೆಗೂ ತಂದರು. ಆ ದಿನ ಬೈಬಲಿನ 19ನೆಯ ಕೀರ್ತನೆ ನೆನಪಾಗುವುದು ಸಹಜ. ಆಕಾಶವು ದೇವರ ಮಹಿಮೆಯನ್ನು ಸಾರುತ್ತದೆಂಬುದು ನಿಜವೇ. ಆದರೆ ಸೂರ್ಯೋದಯ, ಹೂವು, ಇಬ್ಬನಿಗಳನ್ನಷ್ಟೇ ಅದರ ಸಾಕ್ಷಿಗೆ ಕರೆದರೆ, ನಮಗೆ ಹಿತವಾದದ್ದನ್ನೇ ದೇವರ ಸ್ವಭಾವವೆಂದು ಎಣಿಸಿಬಿಡುತ್ತೇವೆ.

ಬೈಬಲಿನದೇ ಆದ ಯೋಬನ ಗ್ರಂಥ ಅದಕ್ಕೆ ಎಡೆಗೊಡುವುದಿಲ್ಲ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲವನ್ನೂ ಕಳೆದುಕೊಂಡು ನ್ಯಾಯ ಕೇಳಿದ ಯೋಬನಿಗೆ ದೇವರು 38ನೆಯ ಅಧ್ಯಾಯದಿಂದ ಮುಂದಕ್ಕೆ ಬಿರುಗಾಳಿಯೊಳಗಿಂದ ಮಾತನಾಡುವಾಗ, ಅವನ ಕಷ್ಟದ ಕಾರಣವನ್ನು ತಿಳಿಸದೆ ಸೃಷ್ಟಿಯನ್ನು ತೋರಿಸುತ್ತಾನೆ. ತೋರಿಸುವುದಾದರೂ ಏನನ್ನು? ನರರಿಲ್ಲದ ಅಡವಿಯಲ್ಲಿ ಸುರಿದು ಎಳೆಹುಲ್ಲನ್ನು ಚಿಗುರಿಸುವ ಮಳೆಯನ್ನು. ಊರಿನ ಗದ್ದಲವನ್ನು ಕಂಡು ನಗುವ, ಯಾರ ಕೈಗೂ ಸಿಕ್ಕದ ಕಾಡುಕತ್ತೆಯನ್ನು. ಮೊಟ್ಟೆಗಳನ್ನು ಮಣ್ಣಿನಲ್ಲಿ ಬಿಟ್ಟು, ಅವು ಯಾರದೋ ಕಾಲಿಗೆ ಸಿಕ್ಕಿ ಒಡೆದಾವೆಂಬುದನ್ನೂ ಮರೆಯುವ, ಆದರೂ ಓಟಕ್ಕೆ ನಿಂತರೆ ಕುದುರೆಯನ್ನೂ ಸವಾರನನ್ನೂ ಗೇಲಿಮಾಡುವ ಉಷ್ಟ್ರಪಕ್ಷಿಯನ್ನು. ರಕ್ತ ಹೀರುವ ಹದ್ದಿನ ಮರಿಗಳನ್ನು. ಇವುಗಳಲ್ಲಿ ಒಂದೂ ಯೋಬನ ಉಪಯೋಗಕ್ಕೆ ಬಾರದು. (ಉಷ್ಟ್ರಪಕ್ಷಿಯ ಭಾಗದಲ್ಲಿ ದೇವರ ವಿನೋದವೂ ಇದೆಯೆಂದು ನನಗನ್ನಿಸುತ್ತದೆ.) ಯಾರೂ ಬಿತ್ತದ, ಯಾರೂ ಕೊಯ್ಯದ, ಯಾರೂ ಸ್ತೋತ್ರ ಸಲ್ಲಿಸದ ನೆಲಕ್ಕೆ ಮಳೆ ಕೊಡುವವನ ಔದಾರ್ಯವು ಅರ್ಹತೆಯನ್ನು ನೋಡಿ ಅಳೆದು ಕೊಡುವಂಥದ್ದಲ್ಲ, ಕಷ್ಟವೆಲ್ಲ ಪಾಪದ ಫಲವೆಂದು ವಾದಿಸಿದ ಯೋಬನ ಗೆಳೆಯರು ಎಡವಿದ್ದು ಇಲ್ಲಿಯೇ. ವೈರಿಗಳನ್ನು ಪ್ರೀತಿಸಿರಿ ಎಂದು ಯೇಸುಸ್ವಾಮಿ ಹೇಳಿದಾಗಲೂ, ನೀತಿವಂತರ ಮೇಲೂ ಅನೀತಿವಂತರ ಮೇಲೂ ಮಳೆ ಸುರಿಸುವ ತಂದೆಯನ್ನೇ ಮಾದರಿಯಾಗಿ ಮುಂದಿಟ್ಟರು.

ಆದರೂ ಸೃಷ್ಟಿಯ ಸಾಕ್ಷ್ಯಕ್ಕೆ ಮಿತಿಯಿದೆ. ಸೃಷ್ಟಿಯಿಂದ ದೇವರ ನಿತ್ಯಶಕ್ತಿಯೂ ದೇವತ್ವವೂ ತಿಳಿಯುತ್ತವೆಂದು ರೋಮಾಪುರದವರಿಗೆ ಬರೆದ ಅಪೊಸ್ತಲ ಪೌಲನು, ಅದೇ ಪತ್ರದ 8ನೆಯ ಅಧ್ಯಾಯದಲ್ಲಿ ಸೃಷ್ಟಿಯೆಲ್ಲ ಪ್ರಸವವೇದನೆಯಿಂದ ನರಳುತ್ತಿದೆ ಎನ್ನುತ್ತಾನೆ. ಪಾಪಕ್ಷಮೆಯು ಬೆಟ್ಟ ಸಮುದ್ರಗಳನ್ನು ನೋಡಿ ತಿಳಿಯುವಂಥದ್ದಲ್ಲ. ಅದಕ್ಕೆ ಶಿಲುಬೆಯೇ ಬೇಕು. ಪ್ರಕೃತಿಯ ಮೂಲಕ ದೇವರನ್ನು ಅರಿಯಬಹುದೆಂಬ ವಾದವನ್ನು ದೇವಶಾಸ್ತ್ರಜ್ಞ ಕಾರ್ಲ್ ಬಾರ್ತ್ 1934ರಲ್ಲಿ ಖಂಡತುಂಡವಾಗಿ ನಿರಾಕರಿಸಿದರು. ಅಷ್ಟು ದೂರ ಹೋಗಲು ನನಗೆ ಮನಸ್ಸಿಲ್ಲ. ಇಷ್ಟು ದಿನ ಕಿವಿಯಿಂದ ಕೇಳಿದ್ದವನನ್ನು ಈಗ ಕಣ್ಣಾರೆ ಕಂಡೆನೆಂದು ಯೋಬನು ಹೇಳುವುದು ಸೃಷ್ಟಿಯ ಈ ವರ್ಣನೆಯನ್ನೆಲ್ಲ ಕೇಳಿದ ಮೇಲೆ. ಆದರೆ ಆ ವರ್ಣನೆ ಸ್ವತಃ ದೇವರ ಬಾಯಿಂದ ಬಂದದ್ದು. ಆ ಮಾತು ಇಲ್ಲದಿದ್ದರೆ ಯೋಬನ ಪಾಲಿಗೆ ಅದು ಬರಿಯ ಕಾಡುಕತ್ತೆಯಾಗಿಯೇ ಉಳಿಯುತ್ತಿತ್ತು.